ಬೆಂಗಳೂರಿನಿಂದ ಲಂಡನ್‌ಗೆ ನಿಜವಾಗಿ ಎಷ್ಟು ಗಂಟೆ?

ಪ್ರಶ್ನೆ (ದಾವಣಗೆರೆಯಿಂದ):
ಜುಲೈನಲ್ಲಿ ನಾನೂ ನಮ್ಮ ಮನೆಯವರೂ ಮಗಳನ್ನು ನೋಡಲು ಲಂಡನ್‌ಗೆ ಹೊರಟಿದ್ದೇವೆ. ಟಿಕೆಟ್‌ನಲ್ಲಿ ಹೊರಡುವುದು ಮಧ್ಯಾಹ್ನ 1:20, ತಲುಪುವುದು ಅದೇ ದಿನ ಸಂಜೆ 7:30 ಎಂದಿದೆ. ಬರುವಾಗ ಮಾತ್ರ ರಾತ್ರಿ 8:40ಕ್ಕೆ ಹೊರಟು ಮರುದಿನ ಬೆಳಿಗ್ಗೆ 11:10ಕ್ಕೆ ಇಳಿಯಬೇಕು. ದಾರಿ ಒಂದೇ ಅಲ್ಲವೇ?

ಉತ್ತರ 1:
ಎರಡೂ ಸಮಯಗಳು ಆಯಾ ಊರಿನ ಗಡಿಯಾರದವು, ಸರ್. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುವುದರಿಂದ, ಹೋಗುವಾಗ ಅದನ್ನು ಕೂಡಿಸಿದರೆ 10 ಗಂಟೆ 40 ನಿಮಿಷ, ಬರುವಾಗ ಕಳೆದರೆ 10 ಗಂಟೆ ಆಗುತ್ತದೆ. ನೇರ ದೂರ ಸುಮಾರು 8,000 ಕಿ.ಮೀ. ಉಳಿದ 40 ನಿಮಿಷದ ವ್ಯತ್ಯಾಸಕ್ಕೆ ಮುಖ್ಯ ಕಾರಣ, ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಗಾಳಿ. ಅದು ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನಿಗಿರುತ್ತದೆ.

ಉತ್ತರ 2:
ನೆಲದ ಪ್ರಯಾಣವನ್ನೂ ಲೆಕ್ಕಕ್ಕೆ ಹಿಡಿಯಿರಿ. ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ಬೆಂಗಳೂರಿನ ದಟ್ಟಣೆ ತಪ್ಪುತ್ತದೆಯಾದರೂ, ದಾರಿಗೆ ಐದು ಗಂಟೆ, ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ ಬೇಕೇ ಬೇಕು. ಬೆಳಗಿನ ಜಾವ ಐದಕ್ಕೆ ಮನೆ ಬಿಡಿ.

ಪ್ರಶ್ನಿಸಿದವರು:
ಅರ್ಥವಾಯಿತು. ಹಾಗಾದರೆ ಮನೆಯಿಂದ ಹೀತ್ರೂವರೆಗೆ ಹತ್ತೊಂಬತ್ತು ಗಂಟೆ!