ಪೋರ್ಚ್ ಗೋಡೆಗೆ ಹೊಸ ಸೈಡಿಂಗ್: ಹಲಗೆ ಎಷ್ಟು ಬೇಕು, ಕೆಳಸಾಲು ಯಾಕೆ ಕೊಳೆಯಿತು?

ಪ್ರಶ್ನೆ:
ನ್ಯೂಜೆರ್ಸಿ, 1974ರಲ್ಲಿ ಕಟ್ಟಿದ ಮನೆ. ಹೊರಗೋಡೆಗೆ ಹೊದಿಸುವ ಹಲಗೆ (ಸೈಡಿಂಗ್) ಬದಲಿಸಬೇಕು. ಪೋರ್ಚ್ ಗೋಡೆ 14 ಅಡಿ ಅಗಲ, 8 ಅಡಿ ಎತ್ತರ. ಬಲತುದಿಯಲ್ಲಿ 36 × 80 ಇಂಚಿನ ಬಾಗಿಲು. ಟ್ರಿಮ್ (ಬಾಗಿಲು, ಕಿಟಕಿ, ಮೂಲೆಯ ಅಂಚುಪಟ್ಟಿ) ಕಳೆದರೆ ಎಡಕ್ಕೆ ಹೆಚ್ಚುಕಡಿಮೆ 10 ಅಡಿ ಗೋಡೆ, ಅದರ ನಡುವೆ 3 × 4 ಅಡಿ ಕಿಟಕಿ. ಹಳೇ ಸೀಡರ್ ಹಲಗೆಯ ಕೆಳಗಿನ ಎರಡು ಸಾಲು ಪೂರ್ತಿ ಕೊಳೆತಿದೆ, ಮೇಲಿನದೆಲ್ಲ ಗಟ್ಟಿಯಾಗಿದೆ. ಫೈಬರ್ ಸಿಮೆಂಟ್ (ನಾರು ಬೆರೆಸಿದ ಸಿಮೆಂಟ್ ಹಲಗೆ) ಹಾಕುವ ಯೋಚನೆ. 8¼ ಇಂಚಿನ, 12 ಅಡಿ ಉದ್ದದ ಹಲಗೆ ಎಷ್ಟು ತರಲಿ? ಇನ್ನೇನು ಬೇಕು?

ಉತ್ತರ 1:
ಚದರಡಿ ಲೆಕ್ಕ ಬಿಡಿ, ಸಾಲಿನ ಲೆಕ್ಕ ಹಿಡಿಯಿರಿ. ಒಂದೂಕಾಲು ಇಂಚು ಮೇಲುಹೊದಿಕೆ ಹೋದರೆ ಕಾಣುವುದು 7 ಇಂಚು, ಅಂದರೆ 14 ಸಾಲು. ಬಾಗಿಲ ಮೇಲಿನ 3 ಸಾಲಿಗೆ ಒಂದೊಂದು ಪೂರ್ತಿ ಹಲಗೆ ಮತ್ತು ಒಂದೊಂದು ತುಂಡು. ಕಿಟಕಿ ಕತ್ತರಿಸದ 4 ಸಾಲಿಗೆ 4 ಹಲಗೆ. ಅವುಗಳಲ್ಲಿ ಉಳಿಯುವ 2 ಅಡಿ ತುಂಡುಗಳೇ ಬಾಗಿಲ ಮೇಲಕ್ಕೆ ಸಾಕು. ಕಿಟಕಿಯ ಎರಡೂ ಪಕ್ಕ 7 ಸಾಲು, 14 ತುಂಡು. ಒಂದು ಹಲಗೆಯಲ್ಲಿ ಮೂರು ಬರುತ್ತವೆ, 5 ಹಲಗೆ. ಒಟ್ಟು 12. ಮೂಲೆ ಮುರಿಯುವುದು ಇದ್ದದ್ದೇ, 14 ತನ್ನಿ.

ಜೋಡಣೆ ಸ್ಟಡ್ (ಗೋಡೆಯೊಳಗಿನ ನೆಟ್ಟ ಮರದ ಕಂಬ) ಮೇಲೆಯೇ ಬೀಳಬೇಕು. ತುಂಡನ್ನು ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ ಇಡಿ. ಇಲ್ಲವಾದರೆ ಸಂದುಗಳೆಲ್ಲ ಒಂದೇ ಗೆರೆಗೆ ಬಂದು ಕಣ್ಣಿಗೆ ಕುಕ್ಕುತ್ತವೆ. ಪ್ರತಿ ಸಂದಿನ ಹಿಂದೆ 6 ಇಂಚು ಅಗಲದ ಫ್ಲ್ಯಾಶಿಂಗ್ (ನೀರು ತಡೆಯುವ ಪಟ್ಟಿ) ತುಂಡು ಹಾಕಿ, ಅದು ಕೆಳಸಾಲಿನ ಹಲಗೆಯ ಮೇಲೆ ಇಳಿದಿರಲಿ.

ಮೊಳೆ ಹಾಟ್ ಡಿಪ್ ಗ್ಯಾಲ್ವನೈಸ್ಡ್ (ಕರಗಿದ ಸತುವಿನಲ್ಲಿ ಅದ್ದಿದ್ದು) ಆಗಿರಲಿ, 200 ಇದ್ದರೆ ಧಾರಾಳ. ತೆಳು ಸತುಲೇಪದ ಎಲೆಕ್ಟ್ರೋ ಗ್ಯಾಲ್ವನೈಸ್ಡ್ ಅಗ್ಗ, ಆದರೆ ತುಕ್ಕಿನ ಕಲೆ ಇಳಿಯುತ್ತದೆ. ಮೇಲಂಚಿನಿಂದ 1 ಇಂಚು ಕೆಳಗೆ ಹೊಡೆಯಿರಿ. ತಲೆ ಹಲಗೆಯ ಮಟ್ಟಕ್ಕೆ ಬಂದರೆ ಸಾಕು, ಒಳಗಿಳಿದರೆ ಹಿಡಿತ ಹೋದಂತೆಯೇ. ಟ್ರಿಮ್‌ಗೆ ಮುಕ್ಕಾಲು ಇಂಚಿನದು ಬೇಡ, 1 ಇಂಚು ದಪ್ಪದ್ದೇ ಬೇಕು; ಒಂದರ ಮೇಲೊಂದು ಕೂತ ಹಲಗೆ ತೆಳು ಟ್ರಿಮ್‌ನ ಮಟ್ಟಕ್ಕೇ ಬಂದುಬಿಡುತ್ತದೆ.

ಉತ್ತರ 2:
ಹಲಗೆ ಆರ್ಡರ್ ಮಾಡುವ ಮೊದಲು ಕೊಳೆತದ್ದು ಯಾಕೆಂದು ನೋಡಿ. ಪೋರ್ಚ್ ಉದ್ದಕ್ಕೂ ಸಮನಾಗಿ ಕೊಳೆತಿದ್ದರೆ ನೆಲಕ್ಕೆ ಬಡಿದು ಸಿಡಿಯುವ ಮಳೆನೀರು ಕಾರಣ, ಜೊತೆಗೆ ಹಲಗೆ ನೆಲಕ್ಕೆ ತಾಗಿ ಕೂತಿರುತ್ತದೆ. ಒಂದೇ ಮೂಲೆಯಲ್ಲಿ ಇದ್ದರೆ ಮಾಡು ಗೋಡೆಗೆ ಸೇರುವಲ್ಲಿ ನೀರನ್ನು ಗೋಡೆಯಿಂದ ಆಚೆ ತಿರುಗಿಸುವ ಕಿಕ್‌ಔಟ್ ಫ್ಲ್ಯಾಶಿಂಗ್ ಇಲ್ಲ. ಕಿಟಕಿಯ ಕೆಳಗೆ ಮಾತ್ರ ಇದ್ದರೆ ಕಿಟಕಿಯಿಂದಲೇ ನೀರು ಒಳಗಿಳಿಯುತ್ತಿದೆ, ಅಲ್ಲಿ ಹೊಸ ಹಲಗೆ ಹಾಕಿ ಪ್ರಯೋಜನವಿಲ್ಲ.

ನಿಮ್ಮದು ಮೊದಲನೆಯದೇ ಇರಬೇಕು. ಹಲಗೆಯ ಹಿಂದಿರುವ ಮರದ ಶೀಟನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೆತ್ತಗೆ ಇಳಿದಷ್ಟೂ ಕತ್ತರಿಸಿ ಅದೇ ದಪ್ಪದ ಪ್ಲೈವುಡ್ ತೇಪೆ ಹಾಕಿ. ಗೋಡೆ ಮತ್ತು ನೆಲ ಸೇರುವಲ್ಲಿ ಎಲ್ ಆಕಾರದ ಫ್ಲ್ಯಾಶಿಂಗ್ ಕೂರಿಸಿ, ಗೋಡೆಗೆ ಹೊದಿಸುವ ನೀರುತಡೆ ಹಾಳೆಯಾದ ಹೌಸ್‌ರ‍್ಯಾಪ್ ಅದರ ಮೇಲೆ ಇಳಿಬಿಡಿ. ಹೊಸ ಹಲಗೆಯ ಕೆಳಂಚು ಪೋರ್ಚ್ ನೆಲದಿಂದ 2 ಇಂಚು ಮೇಲಿರಲಿ. ಆ ಸಂದನ್ನು ಬಿರುಕು ತುಂಬುವ ಅಂಟಾದ ಕಾಲ್ಕ್‌ನಿಂದ ಮುಚ್ಚಲೇಬೇಡಿ, ನೀರು ಹೊರಬರುವ ದಾರಿಯೇ ಅದು.

1978ಕ್ಕಿಂತ ಹಿಂದಿನ ಮನೆ, ಹಳೇ ಬಣ್ಣದಲ್ಲಿ ಸೀಸ ಇರಬಹುದು. ಮೊದಲು ಪರೀಕ್ಷೆ ಮಾಡಿಸಿ. ಇದ್ದರೆ ಒಣ ಬಣ್ಣವನ್ನು ಉಜ್ಜಬೇಡಿ, ಹಲಗೆಗೆ ನೀರು ಚಿಮುಕಿಸಿ ಬಿಡಿಸಿ, ಗೋಡೆಯಿಂದ 10 ಅಡಿವರೆಗೆ ನೆಲಕ್ಕೆ ಪ್ಲಾಸ್ಟಿಕ್ ಹಾಸಿ. ಚಿಕ್ಕ ಮಕ್ಕಳಿದ್ದರೆ ಈ ಕೆಲಸಕ್ಕೆ ಲೈಸೆನ್ಸ್ ಇದ್ದವರನ್ನು ಕರೆಯುವುದೇ ಮೇಲು.

ಪ್ರಶ್ನೆ ಕೇಳಿದವರು:
ಕಾರಣ ನೀವು ಹೇಳಿದ ಮೊದಲನೆಯದೇ, ಹಲಗೆ ನೆಲಕ್ಕೆ ಅಂಟಿಕೊಂಡೇ ಇತ್ತು. ಹೊಸ ಹಲಗೆ ಬಂದಿವೆ, ಆದರೆ ಡೆಲಿವರಿಯವರು ಹುಲ್ಲಿನ ಮೇಲೆ ಇಳಿಸಿ ಹೋದರು, ರಾತ್ರಿ ಮಳೆಗೆ ಕೆಳಗಿನ ಐದಾರು ನೆಂದಿವೆ. ವಾಪಸ್ ಕಳಿಸಬೇಕಾ ಸರ್?

ಉತ್ತರ 1:
ಬೇಡ, ಆದರೆ ಹಸಿ ಹಲಗೆ ಹೊಡೆಯಬೇಡಿ. ಒಣಗಿದ ಮೇಲೆ ಕುಗ್ಗಿ ಸಂದು ಬಾಯಿ ತೆರೆಯುತ್ತದೆ. ಗ್ಯಾರೇಜಿನಲ್ಲಿ ಸಮನಾದ ಮರದ ತುಂಡುಗಳ ಮೇಲೆ, ಪ್ರತಿ ಹಲಗೆಯ ನಡುವೆ ತೆಳು ಪಟ್ಟಿ ಇಟ್ಟು, ಮಟ್ಟಸವಾಗಿ ಜೋಡಿಸಿ. ಒಣಗಿದ ಹಲಗೆಯ ಪಕ್ಕ ಹಿಡಿದರೆ ಬಣ್ಣದ ವ್ಯತ್ಯಾಸ ಗೊತ್ತಾಗುತ್ತದೆ, ಕಪ್ಪಗಿದ್ದರೆ ಇನ್ನೂ ಹಸಿ. ಪದರ ಬಿಟ್ಟ ತುದಿಯಿದ್ದರೆ ಅಷ್ಟನ್ನೇ ಕತ್ತರಿಸಿ, ಕಿಟಕಿ ಪಕ್ಕದ ತುಂಡುಗಳಿಗೆ ಆಗುತ್ತದೆ. ಹೊತ್ತು ತರುವಾಗ ಅಂಚಿನ ಮೇಲೆ ನಿಲ್ಲಿಸಿ ಇಬ್ಬರು ಹಿಡಿಯಿರಿ, ಮಲಗಿಸಿ ಎತ್ತಿದರೆ ನಡುವೆ ಮುರಿಯುತ್ತದೆ.

ಕತ್ತರಿಸುವುದು ಮಾತ್ರ ಗ್ಯಾರೇಜಿನಲ್ಲಿ ಬೇಡ. ಈ ಹಲಗೆ ಕೊಯ್ದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹೊರಗೆ, ಎನ್95 ಮಾಸ್ಕ್ ಹಾಕಿ. ಶಿಯರ್ (ಕತ್ತರಿಯಂತೆ ಹಲಗೆ ಕತ್ತರಿಸುವ ಉಪಕರಣ) ಬಾಡಿಗೆಗೆ ಸಿಕ್ಕರೆ ಧೂಳೇ ಕಡಿಮೆ. ಕತ್ತರಿಸಿದ ಅಂಚಿಗೆಲ್ಲ ಹೊಡೆಯುವ ಮೊದಲೇ ಪ್ರೈಮರ್ ಬಳಿಯಿರಿ. ಟ್ರಿಮ್ ಪಕ್ಕ ⅛ ಇಂಚು ಬಿಟ್ಟು, ಅಲ್ಲಿಗಷ್ಟೇ ಬಣ್ಣ ಹಿಡಿಯುವ ಕಾಲ್ಕ್ ತುಂಬಿ. ಶುದ್ಧ ಸಿಲಿಕೋನ್ ತರಬೇಡಿ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.