ಹತ್ತು ವರ್ಷದಿಂದ ನಿಂತಿರುವ ಹಳೇ ಪವರ್ ಟಿಲ್ಲರ್: ರಿಪೇರಿ ಮಾಡಿಸಲಾ, ಗುಜರಿಗೆ ಹಾಕಲಾ?

ತೋಟದಮನೆ (ಸಾಗರ):

ಎಲ್ಲರಿಗೂ ನಮಸ್ಕಾರ. ಅಪ್ಪ 1980ರ ದಶಕದ ಕೊನೆಯಲ್ಲಿ ತಂದ ಪವರ್ ಟಿಲ್ಲರ್ ಒಂದು ನಮ್ಮಲ್ಲಿದೆ. ಗದ್ದೆ ಇದ್ದಷ್ಟು ದಿನ ಹೂಟಿ ಅದರಲ್ಲೇ ಆಗುತ್ತಿತ್ತು. ಆಮೇಲೆ ಗದ್ದೆಯೂ ಅಡಿಕೆ ತೋಟವಾಯಿತು, ಟಿಲ್ಲರ್‌ಗೆ ಟ್ರೇಲರ್ ಕಟ್ಟಿ ಗೊಬ್ಬರ, ಸೊಪ್ಪು, ಅಡಿಕೆ ಕೊನೆ ಹೊರುವ ಕೆಲಸ ಅಷ್ಟೇ ಉಳಿಯಿತು. ಈಗ ಹತ್ತು ವರ್ಷದ ಮೇಲಾಯಿತು, ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ಸುಮ್ನೆ ನಿಂತಿದೆ. ಸ್ಟಾರ್ಟ್ ಮಾಡುವ ಹ್ಯಾಂಡಲ್ ಹಾಕಿದರೆ ಇಂಜಿನ್ ಚೂರು ಅಲುಗುತ್ತೆ, ಪೂರ್ತಿ ಸುತ್ತು ಬರುತ್ತಿಲ್ಲ. ಟೈರ್ ಎರಡೂ ಬಿರುಕು ಬಿಟ್ಟಿವೆ. ಬಣ್ಣ ಹೋಗಿದೆ, ಹೆಸರು ಬರೆದ ಸ್ಟಿಕ್ಕರ್ ಕೂಡ ಇಲ್ಲ.

ತಮ್ಮ ಆಗಲೇ ಗುಜರಿಯವರನ್ನು ಕರೆಸಿದ್ದಾನೆ, ಅವರು ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ನನಗೆ ಮನಸ್ಸು ಬರುತ್ತಿಲ್ಲ. ಹಾಗಂತ ಮನೆ ಮುಂದೆ ಶೋಗೆ ಇಡುವ ಆಸೆಯೂ ಇಲ್ಲ, ತೋಟದ ಸಣ್ಣಪುಟ್ಟ ಕೆಲಸಕ್ಕೆ ಓಡಿದರೆ ಸಾಕು. ಎಲ್ಲಿಂದ ಶುರು ಮಾಡಬೇಕು? ಮೊದಲು ಬಣ್ಣ ಹೊಡೆಸಿ ತುಕ್ಕು ನಿಲ್ಲಿಸಲಾ, ಇಂಜಿನ್ ಬಿಚ್ಚಿಸಲಾ? ಬಿಡಿಭಾಗ ಸಿಗುತ್ತಾ?

ಸ್ಪ್ಯಾನರ್ ಶೆಡ್ (ಶಿವಮೊಗ್ಗ):

ಬಣ್ಣದ ಮಾತು ಈಗ ಬೇಡ ಸರ್. ಓಡದ ಗಾಡಿಗೆ ಬಣ್ಣ ಹೊಡೆಸಿದರೆ ಬಿಚ್ಚುವಾಗ ಅದೇ ಬಣ್ಣ ಕಿತ್ತುಬರುತ್ತೆ, ದುಡ್ಡೂ ಹೋಯ್ತು.

ಮೊದಲು ಯಾವ ಮಾಡೆಲ್ ಅಂತ ಗೊತ್ತಾಗಬೇಕು. ಇಂಜಿನ್ ಮೇಲೆ ಒಂದು ಸಣ್ಣ ತಗಡಿನ ಪ್ಲೇಟ್ ಇರುತ್ತೆ, ಡೀಸೆಲ್ ಬಟ್ಟೆಯಲ್ಲಿ ಒರೆಸಿ ನೋಡಿ, ಗ್ರೈಂಡರ್ ತಾಗಿಸಬೇಡಿ. ನಮ್ಮ ಕಡೆ ಹಳೇ ಟಿಲ್ಲರ್ ಅಂದರೆ ಸಾಮಾನ್ಯವಾಗಿ ಎರಡೇ ಜಾತಿ. ಒಂದು ಬೆಂಗಳೂರಿನ ವಿಎಸ್‌ಟಿಯದು. ಆ ಕಂಪನಿ 1967ರಲ್ಲಿ ಶುರುವಾಯಿತು, ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಮಾಡಿದ್ದರಿಂದ ಜನ ಈಗಲೂ ಮಿತ್ಸುಬಿಷಿ ಶಕ್ತಿ ಅಂತಲೇ ಕರೆಯುತ್ತಾರೆ. ಇನ್ನೊಂದು ಕೇರಳ ಸರ್ಕಾರದ ಕಾಮ್ಕೊ, 1973ರದ್ದು, ಅದು ಜಪಾನಿನ ಕುಬೋಟಾ ಮಾದರಿ, 12 ಎಚ್‌ಪಿ. (ಕಾಮ್ಕೊ ಇರುವುದು ಅಥಾಣಿಯಲ್ಲಿ, ಆದರೆ ನಮ್ಮ ಬೆಳಗಾವಿಯ ಅಥಣಿ ಅಲ್ಲ, ಎರ್ನಾಕುಲಂ ಜಿಲ್ಲೆಯದು.) ಒಂದರ ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ಪಿಸ್ಟನ್ ರಿಂಗ್ ಇನ್ನೊಂದಕ್ಕೆ ಕೂರಲ್ಲ, ಅದಕ್ಕೇ ಪ್ಲೇಟ್ ನಂಬರ್ ಇಲ್ಲದೆ ಅಂಗಡಿಗೆ ಹೋಗಬೇಡಿ. ಎರಡೂ ಕಂಪನಿ ಈಗಲೂ ನಡೆಯುತ್ತಿವೆ, ಆ ಮಟ್ಟಿಗೆ ನೀವು ಪುಣ್ಯವಂತರು.

ಇನ್ನು ಇಂಜಿನ್. ಹ್ಯಾಂಡಲ್‌ಗೆ ಪೈಪ್ ಹಾಕಿ ಜಗ್ಗುವ ಕೆಲಸ ಖಂಡಿತ ಮಾಡಬೇಡಿ. ಮೊದಲು ಅಡಿಯ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸಿ. ಬರೀ ಕಪ್ಪಗಿದ್ದರೆ ಚಿಂತೆಯಿಲ್ಲ, ಹಾಲು ಹಾಕಿದ ಕಾಫಿ ಹಾಗೆ ಬಂದರೆ ನೀರು ಸೇರಿದೆ ಅಂತ ಅರ್ಥ. ಹೆಡ್ (ಸಿಲಿಂಡರ್ ಮುಚ್ಚಳ) ಕೆಳಗಿನ ಗ್ಯಾಸ್ಕೆಟ್ ಹೋಗಿರಬಹುದು, ಲೈನರ್ ಕೆಳಗಿನ ರಬ್ಬರ್ ರಿಂಗ್ ಹೋಗಿರಬಹುದು, ಇಲ್ಲಾ ಸೈಲೆನ್ಸರ್ ಬಾಯಿಂದ ಮಳೆ ನೀರೇ ಇಳಿದಿರಬಹುದು, ನಿಮ್ಮ ಕಡೆ ಮಳೆ ಗೊತ್ತಲ್ಲ. ಆಮೇಲೆ ನಾಝಲ್ (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಹೊರತೆಗೆದು ಆ ತೂತಿನಿಂದ ಸ್ವಲ್ಪ ಡೀಸೆಲ್, ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಒಳಗೆ ಬಿಡಿ. ಒಂದೆರಡು ದಿನ ಹಾಗೇ ಇರಲಿ. ನಂತರ ಡಿಕಂಪ್ರೆಷನ್ ಲಿವರ್ (ವಾಲ್ವ್ ತೆರೆದು ಒಳಗಿನ ಗಾಳಿಯ ಒತ್ತಡ ಬಿಡಿಸುವ ಹಿಡಿ) ಎತ್ತಿಟ್ಟು ಫ್ಲೈವೀಲ್ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ರಿಂಗ್ ಅಂಟಿಕೊಂಡಿದ್ದಷ್ಟೇ ಆದರೆ ಬಿಟ್ಟುಕೊಳ್ಳುತ್ತೆ. ಇಷ್ಟಾದರೂ ಬಿಡದಿದ್ದರೆ ಮಾತ್ರ ಹೆಡ್ ಇಳಿಸುವ ಯೋಚನೆ ಮಾಡಿ.

ಡೀಸೆಲ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯಿರಿ. ತಳದಲ್ಲಿ ನೀರು, ತುಕ್ಕು, ಗೊಜ್ಜಾದ ಹಳೇ ಡೀಸೆಲ್ ಗ್ಯಾರಂಟಿ. ಫಿಲ್ಟರ್ ಹೊಸದು ಹಾಕಿ. ಏರ್ ಕ್ಲೀನರ್ ಆಯಿಲ್ ತುಂಬುವ ಮಾದರಿಯದಾದರೆ ಅದರ ಬಟ್ಟಲು ತೊಳೆದು ಗುರುತಿನವರೆಗೆ ಆಯಿಲ್ ಹಾಕಿ. ಸೈಲೆನ್ಸರ್ ಒಳಗೆ ಕುಂಬಾರ ಹುಳ ಗೂಡು ಕಟ್ಟಿದೆಯಾ ಅಂತ ತಂತಿ ಹಾಕಿ ನೋಡಿ. ಪಂಪ್ ಮತ್ತು ನಾಝಲ್‌ನ ಒಳಭಾಗ ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಡೀಸೆಲ್ ಪಂಪ್ ಕೆಲಸ ಮಾಡುವವರ ಹತ್ತಿರವೇ ಕೊಡಿ. ನಾಝಲ್ ಟೆಸ್ಟ್ ಮಾಡುವಾಗ ಅದರ ಮುಂದೆ ಕೈ ಒಡ್ಡಬಾರದು, ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ಹೋಗುತ್ತೆ.

ಕಾನುಗದ್ದೆ (ಕೊಪ್ಪ):

ಸ್ಪ್ಯಾನರ್ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಎಲ್ಲರೂ ಇಂಜಿನ್ ಇಂಜಿನ್ ಅಂತಾರೆ ಮಾರಾಯ್ರೆ. ಒಂದು ಸಿಲಿಂಡರ್ ಇಂಜಿನ್ ಯಾವ ಊರಲ್ಲಾದರೂ ರಿಪೇರಿ ಆಗುತ್ತೆ. ದುಡ್ಡು ತಿನ್ನುವುದು ಗೇರ್ ಬಾಕ್ಸ್. ರೋಟರಿ (ಹಿಂದೆ ತಿರುಗಿ ಮಣ್ಣು ಉಳುವ ಬ್ಲೇಡ್ ಭಾಗ) ಶಾಫ್ಟ್ ಎರಡೂ ತುದಿ ನೋಡಿ, ಅಲ್ಲಿ ನೈಲಾನ್ ಹಗ್ಗ, ಅಡಿಕೆ ಸೋಗೆಯ ನಾರು, ಹುಲ್ಲು ಸುತ್ತಿಕೊಂಡು ಆಯಿಲ್ ಸೀಲ್ ಕೊಯ್ದಿರುತ್ತೆ. ಸೀಲ್ ಹೋದರೆ ಗದ್ದೆ ಕೆಸರು ಸೀದಾ ಬೇರಿಂಗ್‌ಗೆ. ಗೇರ್ ಆಯಿಲ್ ಇಳಿಸಿ ಬೆರಳಲ್ಲಿ ಉಜ್ಜಿ ನೋಡಿ, ಕಬ್ಬಿಣದ ಚೂರು ಸಿಕ್ಕಿದರೆ ಖರ್ಚು ಜಾಸ್ತಿ ಅಂತ ಇಟ್ಟುಕೊಳ್ಳಿ. ತೋಟದಲ್ಲಿ ಉಳುಮೆ ಬೇಡ, ಟ್ರೇಲರ್ ಮಾತ್ರ ಸಾಕು ಅಂದರೆ ರೋಟರಿಯನ್ನು ಬಿಚ್ಚಿ ಬದಿಗಿಡಿ, ಅರ್ಧ ತಲೆನೋವು ಕಡಿಮೆ.

ಬೆಲ್ಟ್ ಹಾಕುವಾಗ ಸೆಟ್ಟೇ ಬದಲಿಸಿ. ಒಂದು ಹೊಸದು ಎರಡು ಹಳೇದು ಹಾಕಿದರೆ ಭಾರವೆಲ್ಲ ಹೊಸದರ ಮೇಲೇ ಬೀಳುತ್ತೆ.

ಸೈಡ್ ಕ್ಲಚ್ (ಆಯಾ ಕಡೆಯ ಚಕ್ರವನ್ನು ಇಂಜಿನ್‌ನಿಂದ ಬಿಡಿಸುವುದು) ಲಿವರ್ ಎರಡೂ ಹಿಡಿದು ಬಿಟ್ಟು ನೋಡಿ, ತುಕ್ಕಿನಿಂದ ಸಿಕ್ಕಿಕೊಂಡಿದ್ದರೆ ಇಳಿಜಾರಿನಲ್ಲಿ ಜೀವಕ್ಕೇ ಬರುತ್ತೆ. ಮನೆಯಲ್ಲಿ ಹೊಸ ಹುಡುಗರು ಓಡಿಸುವವರಿದ್ದರೆ ಇದನ್ನು ಹೇಳಿಕೊಡಿ: ಸಮತಟ್ಟಿನಲ್ಲಿ ಎಡ ಕ್ಲಚ್ ಹಿಡಿದರೆ ಎಡಕ್ಕೆ ತಿರುಗುತ್ತೆ. ಲೋಡ್ ಹಾಕಿಕೊಂಡು ಇಳಿಜಾರು ಇಳಿಯುವಾಗ ಅದೇ ಎಡ ಕ್ಲಚ್ ಹಿಡಿದರೆ ಬಲಕ್ಕೆ ಹೋಗುತ್ತೆ! ಯಾಕೆಂದರೆ ಕ್ಲಚ್ ಹಿಡಿದ ಕಡೆಯ ಚಕ್ರ ಇಂಜಿನ್ ಹಿಡಿತ ತಪ್ಪಿಸಿಕೊಂಡು ಜೋರಾಗಿ ಉರುಳುತ್ತೆ, ಇನ್ನೊಂದು ಚಕ್ರವನ್ನು ಇಂಜಿನ್ ತಡೆದಿರುತ್ತೆ. ನಮ್ಮ ಕಡೆ ಟಿಲ್ಲರ್ ಅಗಳಕ್ಕೆ (ಕಂದಕಕ್ಕೆ) ಬಿದ್ದ ಕಥೆ ಕೇಳಿದರೆ ಬಹಳಷ್ಟು ಸಲ ಇದೇ ಆಗಿರುತ್ತೆ. ಇಳಿಜಾರಿಗೆ ಮೊದಲೇ ಸಣ್ಣ ಗೇರ್ ಹಾಕಿ, ಕ್ಲಚ್ ಮುಟ್ಟದೆ, ಹಿಡಿದು ನಡೆಸುವ ಹ್ಯಾಂಡಲ್ ಒತ್ತಿಯೇ ತಿರುಗಿಸಬೇಕು.

ಕಬ್ಬಿನಗದ್ದೆ (ಮಂಡ್ಯ):

ಬೇಜಾರು ಮಾಡ್ಕೋಬೇಡಿ, ನಿಮ್ಮ ತಮ್ಮ ಹೇಳೋದೇ ಸರಿ ಅನಿಸುತ್ತೆ ನನಗೆ. ಟೈರ್, ಬೆಲ್ಟ್, ನಾಝಲ್, ಸೀಲ್, ಲೇತ್ ಕೆಲಸ, ಮೆಕ್ಯಾನಿಕ್ ಕೂಲಿ ಎಲ್ಲ ಕೂಡಿಸಿ. ಹೊಸ ಟಿಲ್ಲರ್‌ಗೆ ಕೃಷಿ ಇಲಾಖೆಯ ಸಬ್ಸಿಡಿ ಇದೆ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಪಹಣಿ, ಆಧಾರ್ ಕೊಟ್ಟು ವಿಚಾರಿಸಿ. ಹೊಸದರಲ್ಲಿ ಸೆಲ್ಫ್ ಸ್ಟಾರ್ಟ್ ಇರೋದೂ ಬರುತ್ತೆ. ಈ ವಯಸ್ಸಿನಲ್ಲಿ ಹ್ಯಾಂಡಲ್ ಯಾರು ಹೊಡೀತಾರೆ?

ಸ್ಪ್ಯಾನರ್ ಶೆಡ್ (ಶಿವಮೊಗ್ಗ):

ಮಂಡ್ಯದವರೇ, ದಿನಾ ಬಾಡಿಗೆಗೆ ಓಡಿಸುವವರಾದರೆ ನೀವು ಹೇಳಿದ್ದು ನೂರಕ್ಕೆ ನೂರು. ಇವರದು ವರ್ಷಕ್ಕೆ ಕೆಲವೇ ದಿನದ ಟ್ರೇಲರ್ ಕೆಲಸ. ಅದಕ್ಕೆ ಹೊಸ ಸಾಲ ಯಾಕೆ? ಪಿಸ್ಟನ್ ಬಿಟ್ಟುಕೊಂಡು, ಗೇರ್ ಬಾಕ್ಸ್ ಆಯಿಲ್‌ನಲ್ಲಿ ಚೂರು ಇಲ್ಲದಿದ್ದರೆ ಉಳಿಸಿಕೊಳ್ಳಲಿ. ಎರಡೂ ಹೋಗಿದ್ದರೆ ನಾನೂ ಗುಜರಿ ಅಂತಲೇ ಹೇಳುತ್ತೇನೆ.

ತೋಟದಮನೆ (ಸಾಗರ):

ಎಲ್ಲರಿಗೂ ಥ್ಯಾಂಕ್ಸ್. ಪ್ಲೇಟ್ ಸಿಕ್ಕಿತು, ಮಿತ್ಸುಬಿಷಿಯದೇ. ಆಯಿಲ್ ಕಪ್ಪಗೆ ಬಂತು, ನೀರಿಲ್ಲ. ಡೀಸೆಲ್ ಬಿಟ್ಟು ಇಟ್ಟಿದ್ದೆ, ಈಗ ಫ್ಲೈವೀಲ್ ಪೂರ್ತಿ ಸುತ್ತುತ್ತೆ. ನಾಝಲ್ ಸರ್ವಿಸ್ ಆಗಿ ಬಂತು, ಹೊಸ ಆಯಿಲ್ ಹಾಕಿ ಡೀಸೆಲ್ ಪೈಪಿನ ಏರ್ ತೆಗೆದು ಹ್ಯಾಂಡಲ್ ಹೊಡೆದರೆ ಬಿಳಿ ಹೊಗೆ ಬರುತ್ತೆ, ನಾಲ್ಕೈದು ಸಲ ಡಬ್ ಡಬ್ ಅಂದು ನಿಲ್ಲುತ್ತೆ. ಒಂದು ಸಲವಂತೂ ಸ್ಟಾರ್ಟ್ ಆಯಿತು, ಆದರೆ ಹೊಗೆ ಏರ್ ಕ್ಲೀನರ್‌ನಿಂದ ಬಂತು! ಹೆದರಿ ಥ್ರಾಟಲ್ ಎಳೆದು ನಿಲ್ಲಿಸಿದೆ. ಗೇರ್ ಆಯಿಲ್ ಕೊಳಕಾಗಿದೆ, ಚೂರು ಸಿಗಲಿಲ್ಲ.

ಸ್ಪ್ಯಾನರ್ ಶೆಡ್ (ಶಿವಮೊಗ್ಗ):

ನಿಲ್ಲಿಸಿದ್ದು ಒಳ್ಳೆಯದಾಯಿತು. ಅದು ಉಲ್ಟಾ ಓಡಿದ್ದು. ಹ್ಯಾಂಡಲ್ ಸ್ಪೀಡ್ ಸಾಲದೆ ಡಿಕಂಪ್ರೆಷನ್ ಲಿವರ್ ಬಿಟ್ಟರೆ ಪಿಸ್ಟನ್ ಹಿಂದಕ್ಕೆ ಒದೆಯುತ್ತೆ, ಒಂದು ಸಿಲಿಂಡರ್ ಡೀಸೆಲ್ ಇಂಜಿನ್ ಆ ಕಡೆಗೇ ಓಡಲು ಶುರು ಮಾಡುತ್ತೆ. ಆಗ ಆಯಿಲ್ ಪಂಪ್ ಕೆಲಸ ಮಾಡಲ್ಲ, ಬೇರಿಂಗ್ ಒಣಗುತ್ತೆ. ಮತ್ತೆ ಹಾಗಾದರೆ ತಕ್ಷಣ ಡೀಸೆಲ್ ಕಟ್ ಮಾಡಿ ಡಿಕಂಪ್ರೆಷನ್ ಎತ್ತಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಸುತ್ತಿ ಹಿಡಿದರೆ ಒದೆತಕ್ಕೆ ಮುರಿಯುತ್ತೆ.

ಬಿಳಿ ಹೊಗೆ ಅಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಗಾಳಿಯ ಒತ್ತಡ) ಕಡಿಮೆ ಇರಬೇಕು. ಹ್ಯಾಂಡಲ್ ಮೆಲ್ಲಗೆ ತಿರುಗಿಸಿ ಕಂಪ್ರೆಷನ್ ಬಂದಲ್ಲಿ ಹಿಡಿದು ಕಿವಿಗೊಡಿ. ಏರ್ ಕ್ಲೀನರ್ ಕಡೆ ಅಥವಾ ಸೈಲೆನ್ಸರ್ ಕಡೆ ಉಸ್ ಅಂದರೆ ವಾಲ್ವ್ ಕೂರುತ್ತಿಲ್ಲ. ಇಷ್ಟು ವರ್ಷ ಒಂದು ವಾಲ್ವ್ ತೆರೆದೇ ಇದ್ದಿರಬಹುದು, ಸೀಟ್ ಮೇಲೆ ತುಕ್ಕು ಕೂತಿರುತ್ತೆ. ಹೆಡ್ ಇಳಿಸಿ ಪೇಸ್ಟ್ ಹಾಕಿ ವಾಲ್ವ್ ಉಜ್ಜಿಸಿ, ಹೊಸ ಗ್ಯಾಸ್ಕೆಟ್ ಹಾಕಿ. ಆಯಿಲ್ ತುಂಬುವ ಬಾಯಲ್ಲಿ ಉಸ್ ಅಂದರೆ ರಿಂಗ್, ಆಗ ಬೋರ್ ಅಳತೆ ತೆಗೆಸಬೇಕು. ಮೊದಲ ಸಲ ಓಡಿದ ಮೇಲೆ ನೀಲಿ ಹೊಗೆ ಸ್ವಲ್ಪ ಹೊತ್ತು ಬಂದರೆ ಗಾಬರಿ ಬೇಡ, ನಾವು ಸುರಿದ ಆಯಿಲ್ ಉರಿಯುತ್ತಿರುತ್ತೆ.

ಕಾನುಗದ್ದೆ (ಕೊಪ್ಪ):

ವಾಲ್ವ್ ಉಜ್ಜಿಸುವ ಮೊದಲು ಗ್ಯಾಪ್ ಒಮ್ಮೆ ನೋಡಿಸಿ, ಡಿಕಂಪ್ರೆಷನ್ ಲಿವರ್ ಪೂರ್ತಿ ಕೆಳಗೆ ಬರುತ್ತಿದೆಯಾ ಅಂತಲೂ. ಲಿವರ್ ತುಕ್ಕು ಹಿಡಿದು ಅರ್ಧಕ್ಕೇ ನಿಂತರೂ ಇದೇ ಥರ ಆಗುತ್ತೆ, ಆಗ ಹೆಡ್ ಇಳಿಸುವ ಖರ್ಚೇ ಇಲ್ಲ. ಬಣ್ಣ ಕೊನೆಗೆ, ರೆಡ್ ಆಕ್ಸೈಡ್ ಒಂದು ಕೋಟ್ ಸಾಕು, ಪ್ಲೇಟ್ ಮೇಲೆ ಮಾತ್ರ ಹಚ್ಚಬೇಡಿ. ಟೈರ್ ಈಗಲೇ ತರಬೇಡಿ, ಇಂಜಿನ್ ಅರ್ಧ ಗಂಟೆ ನಿಲ್ಲದೆ ಓಡಿದ ಮೇಲೆ ತನ್ನಿ.