ಅಪ್‌ಡೇಟ್: ವಲಿಯಪರಂಬದ ಕಯಾಕ್, ರಾಣಿಪುರದ ಚಾರಣ

ಕಾಸರಗೋಡು ಜಿಲ್ಲೆಯ ವಲಿಯಪರಂಬ ಹಿನ್ನೀರಲ್ಲಿ ಕಯಾಕ್ (ಹುಟ್ಟು ಹಾಕುವ ಕಿರುದೋಣಿ), ಮರುದಿನ ಅದೇ ಜಿಲ್ಲೆಯ ರಾಣಿಪುರ ಗುಡ್ಡ. ಎರಡಕ್ಕೂ ಒಂದೇ ಗಂಟುಮೂಟೆ ಸಾಕೇ ಎಂದು ಕೇಳಿದ್ದೆ. ಸಾಕು, ಆದರೆ ತುಂಬುವ ಕ್ರಮ ಮುಖ್ಯ.

ದೊಡ್ಡ ಚೀಲ ಹ್ಯಾಚ್‌ನ (ಕಯಾಕ್‌ನಲ್ಲಿ ಸಾಮಾನು ತುಂಬುವ ಕಿಂಡಿ) ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. 10 ಲೀಟರಿನ ಮೂರ್ನಾಲ್ಕು ಡ್ರೈಬ್ಯಾಗ್ (ನೀರು ಒಳಹೋಗದ ಚೀಲ) ವಾಸಿ. ಗಾಳಿ ಹಿಂಡಿ ತೆಗೆದು, ಬಾಯಿಯನ್ನು ಕನಿಷ್ಠ 3 ಸುತ್ತು ಮಡಚಿ ಕ್ಲಿಪ್ ಹಾಕಿ. ಮಡಿಕೆಯೊಳಗೆ ಬಟ್ಟೆಯ ಅಂಚು ಸಿಕ್ಕಿದರೆ ಅಲ್ಲಿಂದಲೇ ನೀರು ಒಸರುತ್ತದೆ. ನೀರು, ಅಕ್ಕಿಯಂಥ ಭಾರ ಸೀಟಿನ ಹತ್ತಿರ, ತಳಕ್ಕೆ ತಾಗಿ ಇರಲಿ. ಮೂತಿ ಭಾರವಾದರೆ ಕಯಾಕ್ ಗಾಳಿಗೆ ಎದುರು ತಿರುಗುತ್ತದೆ. ಹಿಂಬದಿ ಭಾರವಾದರೆ ಮೂತಿಯನ್ನು ಗಾಳಿ ತಳ್ಳಿಕೊಂಡು ಹೋಗುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುವುದರಿಂದ ಬೆಳಗ್ಗೆಯೇ ಮುಗಿಸಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಲೆಕ್ಕ ಹಾಕಿಕೊಳ್ಳಿ. ಇಳಿತದಲ್ಲಿ ದಡ ಹತ್ತುವುದೆಂದರೆ ಬರೀ ಕೆಸರು.

ಕಾಞಂಗಾಡಿನಿಂದ ರಾಣಿಪುರಕ್ಕೆ ಸುಮಾರು 48 ಕಿ.ಮೀ. ಒದ್ದೆ ಶೂನಲ್ಲಿ ಹತ್ತಿದರೆ ಹಿಮ್ಮಡಿಯಲ್ಲಿ ಗುಳ್ಳೆ ಗ್ಯಾರಂಟಿ. ಒಣ ಸಾಕ್ಸ್‌ಗೆ ಬೇರೆಯೇ ಚೀಲ ಬೇಕು. ಮಳೆಗಾಲದಲ್ಲಿ ಉಂಬಳ (ಜಿಗಣೆ) ಬಿಡುವುದಿಲ್ಲ. ಅದಕ್ಕೆಂದು ಕಾಲಿಗೆ ಹಚ್ಚಿದ ಉಪ್ಪು ಮಳೆಗೆ ಕರಗಿಹೋಗುತ್ತದೆ, ಹೊಗೆಸೊಪ್ಪಿನ ಪುಡಿ ಕಲಸಿದ ತೆಂಗಿನೆಣ್ಣೆ ಹೆಚ್ಚು ಹೊತ್ತು ನಿಲ್ಲುತ್ತದೆ. ಅರಣ್ಯ ಇಲಾಖೆಯ ಟಿಕೆಟ್ ಪಡೆದು ಹತ್ತಿ, ಇಳಿದು ಬಂದು ಬುಡದ ಕಾಟೇಜಿನಲ್ಲಿ ಉಳಿಯುವುದು ಸರಿಯಾದ ಕ್ರಮ. ಹಾಗಾಗಿ ಟೆಂಟ್ ಪಟ್ಟಿಯಿಂದ ಹೊರಗೆ.